ಬಸ್ಸಿನಡಿಯ ಗ್ರೀಸಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದಲ್ಲಿ, ಇಳಿದು ಕೆಲಸ ಮಾಡಲೆಂದು ತೋಡಿದ ಗುಂಡಿಯ ಮೇಲೆ ನಿಂತ ಬಸ್ಸಿನ ಅಡಿಯಿಂದ ಸಣ್ಣಗೆ ‘ಟಕ್, ಟಕ್’ ಸದ್ದು ಬರುತ್ತಿದೆ. ಬಗ್ಗಿ ನೋಡಿದರೆ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬರು ಕತ್ತೆತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಚಿಂದಿ ಬಟ್ಟೆ, ಇನ್ನೊಂದರಲ್ಲಿ ಗ್ರೀಸ್ ಗನ್. ಸ್ಟೀರಿಂಗ್ ಕೀಲಿನ ಮೇಲೆ ಗ್ರೀಸ್ ಒಳಹೋಗಲೆಂದಿರುವ ಪುಟ್ಟ ನಿಪ್ಪಲ್ಲನ್ನು ಮೊದಲು ಒರೆಸಿ, ಅದಕ್ಕೆ ಗನ್ನಿನ ಬಾಯಿ ಕೂರಿಸಿ, ಹಿಡಿಕೆ ಒತ್ತುತ್ತಾರೆ. ಕೀಲಿನ ಅಂಚಿನಿಂದ ಕಪ್ಪು ಜಿಡ್ಡು ಹೊರಬರುತ್ತದೆ, ಅದರ ಬೆನ್ನಿಗೇ ಜೇನಿನ ಬಣ್ಣದ ಹೊಸ ಗ್ರೀಸು. ಅದು ಕಣ್ಣಿಗೆ ಬಿದ್ದ ಮೇಲೆಯೇ ಕೈ ಮುಂದಿನ ಕೀಲಿಗೆ ಹೋಗುವುದು.

“ಒರೆಸದೆ ಒತ್ತಿದ್ರೆ ಧೂಳನ್ನೂ ಒಳಗೆ ಕಳಿಸಿದ ಹಾಗೆ,” ಎನ್ನುತ್ತಾರೆ, ನಮ್ಮ ಕಡೆ ತಿರುಗದೆ.

ಡಿಪೋದಲ್ಲಿ ಎಲ್ಲರಿಗೂ ಇವರು ಗ್ರೀಸಕ್ಕ. ಬಂದದ್ದು ಬಸ್ಸು ಗುಡಿಸುವ ಕೆಲಸಕ್ಕೆ. ಆಗ ಗುಂಡಿಯಲ್ಲಿದ್ದ ಹಿರಿಯರಿಗೆ ಮಂಡಿ ಕೈಕೊಟ್ಟಿತ್ತು. ಕೆಳಗಿಳಿಯಲಾಗದೆ ಮೇಲೆ ಕೂತೇ ಇವರಿಗೆ ಕೆಲಸ ಹೇಳಿಕೊಟ್ಟರು. ಹೆಂಗಸು ಗುಂಡಿಗೆ ಇಳಿದಳೆಂದು ನಕ್ಕವರೂ ಇದ್ದರು. ಆ ನಗು ಎಷ್ಟು ದಿನ ನಡೆಯಿತೆಂದು ಕೇಳಿದರೆ, ನಕ್ಕವರಿಗೇ ಬೇಜಾರಾಗುವವರೆಗೆ ಎನ್ನುತ್ತಾರೆ.

ಈಗ ದಿನಕ್ಕೆ ಹತ್ತು ಹನ್ನೆರಡು ಬಸ್ಸು. ಸಂಜೆಯ ಹೊತ್ತಿಗೆ ಭುಜ ಹೇಳಿದ ಮಾತು ಕೇಳುವುದಿಲ್ಲ. ಗಂಡ ದರ್ಜಿ. ಹೆಂಡತಿ ಬಾಗಿಲಲ್ಲಿ ಕಂಡರೆ ಸಾಕು, ಗ್ರೀಸ್ ತಾಗೀತೆಂದು ಹೊಲಿಗೆ ಯಂತ್ರದ ಮೇಲಿನ ಗಿರಾಕಿಗಳ ಬಟ್ಟೆಯನ್ನೆಲ್ಲ ಬಾಚಿ ತಬ್ಬಿಕೊಂಡು ಎದ್ದು ನಿಲ್ಲುತ್ತಾರಂತೆ. ಆದರೆ ಇವರ ಕೆಲಸದ ಅಂಗಿಗೆ ಚಿಂದಿ ಹಿಡಿಸುವಷ್ಟು ಆಳದ ಜೇಬು ಹೊಲಿದುಕೊಟ್ಟವರೂ ಅವರೇ.

ತಮ್ಮನ ಮಾತು ಬಂದಾಗ ಮಾತ್ರ ಗ್ರೀಸಕ್ಕ ಗನ್ ಕೆಳಗಿಡುತ್ತಾರೆ. ಆತ ಇದೇ ಡಿಪೋದಲ್ಲಿ ಡ್ರೈವರ್. ಹೋದ ವರ್ಷ, ಬಹಳ ಕಾಲದಿಂದ ಕಾಯುತ್ತಿದ್ದ ಘಟ್ಟದ ದೂರದ ರೂಟು ಅವನಿಗೆ ಸಿಕ್ಕಿತ್ತು. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವನ ಬಸ್ಸಿನ ಎಡಗಡೆಯ ಒಂದು ಸ್ಟೀರಿಂಗ್ ಕೀಲು ಗ್ರೀಸ್ ತೆಗೆದುಕೊಳ್ಳಲಿಲ್ಲ. ಇವರು ನಿಪ್ಪಲ್ ಬದಲಿಸಿ ನೋಡಿದರು. ಆಗಲೂ ಇಲ್ಲ. ಮೇಲೆ ಬಂದು, ಈ ಗಾಡಿ ಬಿಡಬೇಡಿ ಎಂದು ಮೇಸ್ತ್ರಿಗೆ ಹೇಳಿದರು. ಹೊರಡುವ ಹೊತ್ತಾಗಿದ್ದರಿಂದ, ಸಿದ್ಧವಾಗಿದ್ದ ಬೇರೆ ಬಸ್ಸನ್ನು ಅದರ ಡ್ರೈವರೇ ತೆಗೆದುಕೊಂಡು ಹೋದ. ಆಮೇಲೆ ಬಿಚ್ಚಿ ನೋಡಿದರೆ ಕೀಲು ಚೆನ್ನಾಗಿಯೇ ಇತ್ತು. ಹಳೆಯ ಗ್ರೀಸು ಒಣಗಿ ದಾರಿ ಕಟ್ಟಿತ್ತು, ಅಷ್ಟೆ.

ರೂಟು ಆ ಇನ್ನೊಬ್ಬನ ಪಾಲಾಯಿತು. ತಮ್ಮ ಎಲ್ಲರೆದುರೇ ಕೇಳಿದ: “ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನನ್ನ ಅಕ್ಕನೇ ಬೇಕಿತ್ತಾ?”

ಅಂದಿನಿಂದ ಮಾತು ಬಿಟ್ಟ. ಅಮ್ಮ ಇಬ್ಬರ ಮನೆಗೂ ಓಡಾಡಿ, ಒಂದು ಮಾತು ‘ತಪ್ಪಾಯ್ತು’ ಅಂದುಬಿಡು ಎಂದು ಮಗಳನ್ನು ಬೇಡಿಕೊಂಡರು. ಗ್ರೀಸಕ್ಕ ಅನ್ನಲಿಲ್ಲ. ಅತ್ತದ್ದುಂಟು, ಆದರೆ ಅನ್ನಲಿಲ್ಲ.

“ಒಳಗೆ ಏನಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲದೆ ಹೋಗು ಅಂತ ಹೇಗೆ ಹೇಳ್ಲಿ? ಬೇರೆ ಯಾರೇ ಆಗಿದ್ರೂ ನಿಲ್ಲಿಸ್ತಿದ್ದೆ. ತಮ್ಮ ಅಂತ ಬಿಟ್ಟಿದ್ರೆ, ಅದು ತಪ್ಪು.”

ತಿಂಗಳುಗಳು ಕಳೆದ ಮೇಲೆ ಆ ರೂಟು ಮತ್ತೆ ಅವನಿಗೆ ಬಂತು. ಹೊರಡುವ ದಿನ ಗ್ರೀಸಕ್ಕನಿಗೆ ವಾರದ ರಜೆ, ಬಸ್ಸಿಗೆ ಬೇರೆಯವರು ಗ್ರೀಸ್ ಹೊಡೆದಿದ್ದರು. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ತಮ್ಮ. ನೆಲ ನೋಡುತ್ತಾ ನಿಂತಿದ್ದ.

“ಅಕ್ಕಾ, ಗಾಡಿ ನೀನೊಂದ್ಸಲ ನೋಡಿಬಿಡು. ಆಮೇಲೆ ಹೊರಡ್ತೀನಿ.”

ಕ್ಷಮೆಯ ಮಾತನ್ನು ಅವನೂ ಆಡಲಿಲ್ಲ, ಇವರೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಅವನ ಜೊತೆ ಡಿಪೋಗೆ ನಡೆದರು. ಕೀಲುಗಳನ್ನೆಲ್ಲ ಮುಟ್ಟಿ ನೋಡಿ, ಹೋಗಿ ಬಾ ಎಂದರು.

ಇಷ್ಟು ವರ್ಷ ಬಸ್ಸಿನ ಅಡಿಯಲ್ಲೇ ಕಳೆದ ಇವರು ಆ ಘಟ್ಟದ ದಾರಿಯನ್ನು ಒಮ್ಮೆಯೂ ಕಂಡಿಲ್ಲ. ತಮ್ಮನ ಹಿಂದಿನ ಸೀಟಿನಲ್ಲಿ ಕೂತು ಒಂದು ಸಲ ಹೋಗಿಬರುವ ಆಸೆಯಿದೆ. ಬೆಟ್ಟ ನೋಡುವುದಕ್ಕಾ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

“ಬೆಟ್ಟ ಎಲ್ಲಿಗೆ ಹೋಗತ್ತೆ? ತಿರುವಿನಲ್ಲಿ ಅವನ ಕೈ ನೋಡ್ಬೇಕು. ಸ್ಟೀರಿಂಗ್ ಸಲೀಸಾಗಿ ತಿರುಗಿದ್ರೆ, ಅದು ನನ್ನ ಕೆಲಸ.”