ಇಸ್ತ್ರಿ ಪೆಟ್ಟಿಗೆಯ ಹಿಡಿ

“ನಾನು ಯಾರ ಮನೆಯಿಂದಲೂ ದೊಡ್ಡ ಸಾಮಾನು ಎತ್ತಿಲ್ಲ ಕಣಮ್ಮ. ಮಂಚ ಹೊತ್ಕೊಂಡು ಹೋದ್ರೆ ಬೀದಿಯೆಲ್ಲ ನೋಡುತ್ತೆ, ಅಯ್ಯೋ ಪಾಪ ಅನ್ನುತ್ತೆ. ಚಿಕ್ಕದೊಂದು ತುಂಡು ತಗೋಬೇಕು, ಅದಿಲ್ದೆ ಅವಳ ಕೆಲಸ ನಿಲ್ಲಬೇಕು. ಟೀ ಮಾರೋಳ ಸ್ಟೌವಿಂದ ಬರ್ನರ್ ಬಿಚ್ಕೊಂಡು ಬಂದೆ. ಟೈಲರಮ್ಮನ ಮಿಷನ್ನಿಂದ ಬಾಬಿನ್ ಕೇಸು. ಹೆಬ್ಬೆಟ್ಟಿನಷ್ಟು ಇರುತ್ತೆ, ಅಷ್ಟೇ! ಮೂರನೇ ದಿನ ಕಂತು ತಂದು ಕೈಗಿಟ್ಲು. ಹತ್ತು ಜನ ಒಬ್ಬರಿಗೊಬ್ಬರು ಜಾಮೀನು ಅಂದ್ಮೇಲೆ ಯಾರಾದ್ರೂ ಕೆಟ್ಟೋಳಾಗಬೇಕಲ್ಲ. ನಾನಾದೆ.”

ಹೀಗೆ ಹೇಳಿಕೊಂಡು ನಗುತ್ತಿದ್ದವಳು ಮೂಲೆಮನೆಯ ಇಸ್ತ್ರಿಯಮ್ಮ. ಸಾಲದ ಗುಂಪಿನವರಿಗೆ ಲೀಡರಕ್ಕ. ತಗಡಿನ ಮಾಡಿನ ಕೆಳಗೆ ಒಂದು ಮೇಜು, ಒಂದು ಇದ್ದಿಲ ಪೆಟ್ಟಿಗೆ, ಇಷ್ಟೇ ಅವಳ ಅಂಗಡಿ. ಹದಿನಾರು ವರ್ಷ ಹಿಡಿದು ಹಿಡಿದು ಪೆಟ್ಟಿಗೆಯ ಮರದ ಹಿಡಿ ಅವಳ ಅಂಗೈಯಂತೆಯೇ ಸವೆದಿತ್ತು.

ಗಾರೆ ಕೆಲಸದ ಗಂಡ ಮಹಡಿಯಿಂದ ಬಿದ್ದು ಆಸ್ಪತ್ರೆ ಸೇರಿದ ವಾರ, ಕಂತಿನ ದುಡ್ಡು ಔಷಧಿಗೆ ಹೋಯಿತು. ಆದರೂ ಅವಳು ಎದೆಗುಂದಲಿಲ್ಲ. ಲಾಡ್ಜಿನ ಅರವತ್ತು ಬಿಳಿ ಬೆಡ್‌ಶೀಟು ಬಂದಿದ್ದವು. ಸಂಜೆಯೊಳಗೆ ಮಡಿಸಿಕೊಟ್ಟರೆ ಕಂತು ಕೈಸೇರುತ್ತಿತ್ತು. ಕೊಡದಿದ್ದರೆ ಲಾಡ್ಜಿನ ಕೆಲಸವೇ ಕೈಬಿಟ್ಟು ಹೋಗುತ್ತಿತ್ತು.

ಹತ್ತು ಗಂಟೆಗೆ ಗುಂಪಿನ ಹೆಂಗಸರು ಅವಳ ಮಾಡಿನ ಕೆಳಗೆ ಸೇರಿದರು, ಸಾಲದ ಕಂಪನಿಯಿಂದ ಕಂತು ವಸೂಲಿಗೆ ಬರುವ ಸಾರ್ ಬಂದ. ನೀರು ಕೇಳಿ ಕುಡಿದ, ಗಡಿಯಾರ ನೋಡಿದ. “ನೀವು ನೀವೇ ಮಾತಾಡ್ಕೊಳ್ಳಿ ಅಮ್ಮ. ನಾನು ಮಧ್ಯ ಬರಲ್ಲ” ಎಂದು ನೆರಳಿಗೆ ಸರಿದ. ಒಬ್ಬಳದು ತಪ್ಪಿದರೆ ಉಳಿದ ಒಂಬತ್ತು ಮಂದಿ ಹಂಚಿ ಕಟ್ಟಬೇಕು. ಒಂಬತ್ತೂ ಮುಖ ಅವಳತ್ತ ತಿರುಗಿದವು.

“ಸಂಜೆ ತನಕ ಬಿಡ್ರೇ. ಹನ್ನೆರಡು ಶೀಟು ಆಗ್ಲೇ ಮುಗ್ದಿದೆ.”

ಟೈಲರಮ್ಮ ಎದ್ದು ಬಂದಳು. ಕೈಯಲ್ಲಿ ಮಿಷನ್ನಿನ ಸ್ಕ್ರೂಡ್ರೈವರ್. “‘ಸಂಜೆ ಅನ್ನೋ ಕಾಲಂ ಕಂತಿನ ಪುಸ್ತಕದಲ್ಲಿಲ್ಲ ಕಣೇ’ ಅಂದಿದ್ರಲ್ಲಕ್ಕ ನನಗೆ? ಆವತ್ತು ನಾನೂ ಹುಡುಕಿದೆ. ನಿಜವಾಗ್ಲೂ ಇಲ್ಲ.”

“ಪೆಟ್ಟಿಗೆ ಒಂದು ಮುಟ್ಟಬೇಡ ಕಣೇ, ನಿನ್ನ ದಮ್ಮಯ್ಯ.”

“ಛೆ ಛೆ, ಪೆಟ್ಟಿಗೆ ಯಾಕೆ? ಬೀದಿಯೋರು ನೋಡ್ತಾರೆ.”

ಟೀ ಮಾರುವವಳು ಕಿಸಕ್ಕನೆ ನಕ್ಕಳು. ಟೈಲರಮ್ಮ ಅವಸರ ಮಾಡಲಿಲ್ಲ. ಕೆಂಡ ತುಂಬಿದ ಪೆಟ್ಟಿಗೆಗೆ ಬಟ್ಟೆ ಒತ್ತಿ ಹಿಡಿದು ಎರಡು ಸ್ಕ್ರೂ ತಿರುಗಿಸಿದಳು, ಮರದ ಹಿಡಿಯನ್ನು ಎಳೆದುಕೊಂಡಳು. ಸ್ಕ್ರೂಗಳನ್ನು ಮಾತ್ರ ಲೀಡರಕ್ಕನ ಅಂಗೈಗೆ ಹಾಕಿದಳು. “ಇವು ನಿಮ್ಹತ್ರಾನೇ ಇರ್ಲಿ. ಕಳೆದುಹೋದ್ರೆ ನನ್ನ ಮೇಲೆ ಬರುತ್ತೆ.” ಕಂತಿನ ಸಾರ್ ಪುಸ್ತಕ ಮಡಚಿಕೊಂಡು ಹೊರಟ. ಅವಳ ಕಂತನ್ನು ಹಂಚಿ ಕಟ್ಟಿದ ಹೆಂಗಸರೂ ಮೂರು ದಿನದ ಗಡುವು ಹೇಳಿ ಎದ್ದರು.

ಸ್ಕ್ರೂಗಳಿನ್ನೂ ಬಿಸಿಯಿದ್ದವು. ಲೀಡರಕ್ಕ ಅವನ್ನು ಡಬ್ಬಿಗೆ ಹಾಕಿ, ಟವೆಲು ನೆನೆಸಿ, ಪೆಟ್ಟಿಗೆಯ ಹಿಡಿ ಕೂರುತ್ತಿದ್ದ ಬೋಳು ಕಬ್ಬಿಣಕ್ಕೆ ಸುತ್ತಿ ಎತ್ತಿದಳು. ಮೂರು ಬೆಡ್‌ಶೀಟು ಮುಗಿಯುವಷ್ಟರಲ್ಲಿ ಟವೆಲು ಒಣಗಿ ಅಂಗೈಗೆ ಅಂಟಿತು. ಬಿಡಿಸಿದರೆ ಚರ್ಮವೂ ಬಂತು. ಅವಳು ಮೊದಲು ನೋಡಿದ್ದು ಬಿಳಿ ಬಟ್ಟೆಗೆ ಕಲೆಯಾಯಿತೇ ಎಂದು. ಆಗಿರಲಿಲ್ಲ. ಟವೆಲನ್ನು ಮತ್ತೆ ನೀರಿಗೆ ಅದ್ದಿದಳು, ಎಡಗೈಗೆ ಸುತ್ತಿಕೊಂಡಳು. ಹದಿನಾರನೆಯದನ್ನು ಹರಡಿ ನೀರು ಚಿಮುಕಿಸಿ, ಅಂಚಿಗೆ ಅಂಚು ಸೇರಿಸಿ ಒತ್ತತೊಡಗಿದಳು.