ಮೋಟಾರಿಗೆ ಚೆಲ್ಲಿದ ಚರಗ

ಪೆಟ್ರೋಲಿನ ವಾಸನೆ ಬಡಿದರೆ ಕೆಲವರಿಗೆ ತಲೆ ಸುತ್ತುತ್ತದಂತೆ, ಕೆಲವರಿಗೆ ವಾಂತಿ ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆಯೂ ಬಂತು. ಮೊಮ್ಮಗ ಶಿವಾನಂದ ತನ್ನ ಗೆಳೆಯನ ಹೊಸ ಸಣ್ಣ ಕಾರನ್ನು ತಂದು ನಮ್ಮ ಬೈಲಹೊಂಗಲದ ಮನೆಯ ಬಾಗಿಲಿಗೇ ಹಚ್ಚಿ ನಿಲ್ಲಿಸಿದ. ನಾನು ಪಡಸಾಲೆಯಲ್ಲಿ ಕುಳಿತು ಹೆಸರುಬೇಳೆಯೊಳಗಿನ ಹರಳು ಆರಿಸುತ್ತಿದ್ದೆ.

"ಅಜ್ಜಿ, ಇಂಥಾದ್ದ ಒಂದು ತಗೋಬೇಕಂತ ಮಾಡೇನಿ. ಒಂದೀಟ ಕುಂತರ ನೋಡು" ಎಂದ.

"ನೀ ಕುಂದ್ರಪಾ. ನನಗ ಇನ್ನೂ ಎರಡು ಕಾಲು ಅದಾವು" ಎಂದೆ.

ನಕ್ಕ. ಮುದುಕಿಯ ಸಿಟ್ಟೆಂದರೆ ಈಗಿನವರಿಗೆ ಒಂದು ಬಯಲಾಟವಿದ್ದಂತೆ, ಚಹದ ಜೊತೆ ನೋಡುತ್ತಾರೆ. ಆಮೇಲೆ ಇಬ್ಬರೂ ನನ್ನ ಎದುರಿಗೇ ಕುಳಿತು ಲೆಕ್ಕಕ್ಕೆ ಇಳಿದರು. ಪೂರಾ ರೊಕ್ಕ ಒಮ್ಮೆಲೇ ಕೊಡುವುದೋ, ಕಂತಿನ ಮೇಲೆ ತರುವುದೋ, ಇಲ್ಲಾ ಕಂಪನಿಯಿಂದ ತಿಂಗಳ ಬಾಡಿಗೆಗೆ ಹಿಡಿಯುವುದೋ. ಹರಳು ಆರಿಸುತ್ತಿದ್ದ ನನ್ನ ಕೈ ನಿಂತಿತು. ನಾನು ಮನೆಅಳಿಯನನ್ನು ಕಟ್ಟಿಕೊಂಡು ತವರುಮನೆಯಲ್ಲೇ ಉಳಿದವಳು. ನೀವು ನಂಬುತ್ತೀರೋ ಇಲ್ಲವೋ, ಅರವತ್ತೈದು-ಎಪ್ಪತ್ತು ವರ್ಷಗಳ ಹಿಂದೆ, ನಾನು ಪರಕಾರ ಉಡುವ ಹುಡುಗಿಯಾಗಿದ್ದಾಗ ಇದೇ ಪಡಸಾಲೆಯಲ್ಲಿ, ಇದೇ ಕಂಬದ ಬುಡದಲ್ಲಿ ಇದೇ ಮಾತು ಕೇಳಿದ್ದೆ. ಆಡಿದವರೆಲ್ಲ ಮಣ್ಣಾಗಿದ್ದಾರೆ. ಮಾತು ಮಾತ್ರ ಸತ್ತಿಲ್ಲ, ಸುಡಲಿ.

ಅದು ಮೊದಲನೆಯ ಮಹಾಯುದ್ಧ ಮುಗಿದು ಹತ್ತಿಗೆ ಒಳ್ಳೆಯ ಧಾರಣಿ ಬಂದಿದ್ದ ಕಾಲ. ನಮ್ಮದು ಹತ್ತಿ ವ್ಯಾಪಾರದ ಮನೆ. ಹಿರಿಯ ನನ್ನ ದೊಡ್ಡಪ್ಪ. ಅವನು ಕೆಮ್ಮಿದರೆ ನನ್ನ ಅಪ್ಪ ಎದ್ದು ನಿಲ್ಲುತ್ತಿದ್ದ. ಹೀಗಿರುವಾಗ ರಾಮದುರ್ಗದ ಬೀಗರು ಮೋಟಾರಿನಲ್ಲಿ ನಮ್ಮ ಮನೆಗೆ ಬಂದುಬಿಟ್ಟರು. ಊರಿಗೆ ಊರೇ ಬಾಗಿಲಿಗೆ ಬಂತು. ಹೋಳಿಗೆ ಉಂಡು ಅವರು ಭರ್ರೆಂದು ಹೋದಮೇಲೆ, ದೊಡ್ಡಪ್ಪ ಮುಖದ ತುಂಬ ಧೂಳು ಬಡಿಸಿಕೊಂಡು ನಮ್ಮ ಸವಾರಿ ಬಂಡಿಯ ಪಕ್ಕದಲ್ಲಿ ನಿಂತಿದ್ದ. ಆ ರಾತ್ರಿ ಅವನು ಉಣ್ಣಲಿಲ್ಲ. ಗಂಡಸರ ಮಾನ ಇಂಥ ಕಡೆಯೇ ಹೋಗುತ್ತದೆ ನೋಡಿ, ಬೀಗರ ಗಾಡಿಯ ಗಾಲಿಯ ಕೆಳಗೆ.

ವಾರದೊಳಗೆ ಬೆಳಗಾವಿಯಿಂದ ಮೋಟಾರು ಮಾರುವ ಏಜಂಟ ಬಂದ. ತಲೆಗೆ ಟೊಪಿಗೆ, ಕೈಯಲ್ಲಿ ಚಿತ್ರದ ಕಾಗದ. ಇರುವುದರಲ್ಲಿ ಎಲ್ಲಕ್ಕಿಂತ ಸಣ್ಣ ಮೋಟಾರಿನ ಚಿತ್ರ ಬಿಡಿಸಿ ತೋರಿಸಿ, "ಸಾವಕಾರ್ರ, ಮೂರು ದಾರಿ ಅದಾವು. ರೋಖ ಕೊಡ್ರಿ, ಗಾಡಿ ನಿಮ್ಮದು. ಅರ್ಧಾ ಕೊಟ್ಟು ಉಳದದ್ದ ಬಡ್ಡಿ ಕೂಡಿಸಿ ಕಂತಿನ ಮ್ಯಾಲ ಕೊಡ್ರಿ. ಅದೂ ಬ್ಯಾಡಂದ್ರ ತಿಂಗಳಾ ಬಾಡಿಗಿ ಕಟ್ರಿ, ಡ್ರಾಯವರನೂ ನಾವ ಕೊಡತೇವಿ" ಎಂದ.

"ಬಾಡಿಗಿ ಗಾಡ್ಯಾಗ ಕುಂತ್ರ ಬೀಗರು ನಗೂದಿಲ್ಲೇನು?" ಎಂದ ದೊಡ್ಡಪ್ಪ. ಬಾಡಿಗೆ ಅಲ್ಲಿಗೇ ಸತ್ತಿತು. ಕಂತೆಂದರೆ, "ಸಾಲಗಾರ ಅನಿಸಿಕೊಂಡು ಪೇಟ್ಯಾಗ ಹ್ಯಾಂಗ ತಿರಗಲಿ?" ಉಳಿದದ್ದು ರೋಖ. ಅದು ಹತ್ತಿಯಲ್ಲಿ ಸಿಕ್ಕಿಕೊಂಡಿತ್ತು.

"ಅಣ್ಣಾ, ದೊಡ್ಡ ಎತ್ತಿನ ಜೋಡಿ ಮಾರೂಣೇನು?" ಎಂದು ಅಪ್ಪ ಕೇಳಿದ.

ಅಯ್ಯ ಶಿವನೇ, ಆ ಒಂದು ಮಾತಿಗೆ ಎಷ್ಟು ವಿಚಾರ! ಮಧ್ಯಾಹ್ನವೆಲ್ಲ ಎತ್ತಿನದೇ ಮಾತು. ಅವುಗಳ ವಯಸ್ಸು, ಹಲ್ಲು, ಕಾರಹುಣ್ಣಿಮೆಯ ಎತ್ತಿನ ಓಟದಲ್ಲಿ ಮೊದಲಾಗಿ ಕರಿ ಹರಿದ ಕೀರ್ತಿ. ಕೊನೆಗೆ ದೊಡ್ಡಪ್ಪ ಎದ್ದು ಕೊಟ್ಟಿಗೆಯ ಗ್ವಾದಲಿಗೆ ಹೋಗಿ, ಎತ್ತಿನ ಕೊರಳು ತಬ್ಬಿ, "ನಿನ್ನ ಮಾರಿ ನಾ ಯಾವ ನರಕಕ್ಕ ಹೋಗಲೆಪ್ಪಾ" ಎಂದು ಅತ್ತ. ನಾನೂ ಅತ್ತೆ. ಯಾರಾದರೂ ಅತ್ತರೆ ಅಳುವುದು ಆಗ ನನ್ನ ಮುಖ್ಯ ಉದ್ಯೋಗವಾಗಿತ್ತು. ಎತ್ತು ಉಳಿಯಿತು. ದೀಪಾವಳಿಗೆ ಮೋಟಾರೂ ಬಂತು. ರೊಕ್ಕ ಎಲ್ಲಿಂದ ಬಂತೆಂದು ಹೆಂಗಸರು ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಮೋಟಾರು ಬಂದ ಹೊಸದರಲ್ಲಿ ನನ್ನಷ್ಟು ಸೊಕ್ಕಿನ ಹುಡುಗಿ ಈ ಭಾಗದಲ್ಲಿ ಇದ್ದಿರಲಿಕ್ಕಿಲ್ಲ. ಅದರ ಹಿತ್ತಾಳೆಯ ತುತ್ತೂರಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದರಲ್ಲಿ ನನ್ನ ಉಬ್ಬಿದ ಮುಖ ನೋಡಿಕೊಳ್ಳುತ್ತಿದ್ದೆ. ಕಿತ್ತೂರಿನ ರಾಣಿಗೂ ಇಂಥ ಗಾಡಿ ಇರಲಿಲ್ಲವೆಂದು ಓಣಿಯ ಹುಡುಗಿಯರಿಗೆ ಹೇಳಿ ಹೊಟ್ಟೆ ಉರಿಸುತ್ತಿದ್ದೆ.

ಇನ್ನು ದೊಡ್ಡವ್ವನ ಸಂಗತಿ. ದೊಡ್ಡಪ್ಪನ ಹೆಂಡತಿ ಗಂಗವ್ವ, ನಾವು ದೊಡ್ಡವ್ವ ಎನ್ನುತ್ತಿದ್ದೆವು. ಆಕೆಯ ತವರು ಮಲಪ್ರಭೆಯ ದಂಡೆಯ ಮನೋಳಿ. ಮದುವೆಯಲ್ಲಿ ಆಕೆಯ ತಂದೆ ನದಿಗೆ ಹತ್ತಿದ ಒಂದು ತುಂಡು ಎರೆಹೊಲವನ್ನು ಮಗಳ ಅರಿಷಿಣ-ಕುಂಕುಮಕ್ಕೆಂದು ಕೊಟ್ಟಿದ್ದ. ಹೆಣ್ಣುಮಗಳು ಕೊಬ್ಬರಿ ಬಟ್ಟಲಿಗೂ ಗಂಡನ ಮುಂದೆ ಕೈ ಚಾಚಬಾರದೆಂದು ಹೀಗೆ ಕೊಡುತ್ತಿದ್ದರು. ಕಾಗದದಲ್ಲಿ ಮಾತ್ರ ದೊಡ್ಡಪ್ಪನ ಹೆಸರು, ಏಕೆಂದರೆ ಕಾಗದದ ಕಣ್ಣಿಗೆ ಹೆಂಗಸರು ಕಾಣುತ್ತಿರಲಿಲ್ಲ. ತವರೂರಿನ ಒಬ್ಬ ರೈತ ಉಳುತ್ತಿದ್ದ. ಸುಗ್ಗಿಯಲ್ಲಿ ಜೋಳದ ಚೀಲ ಬಂದರೆ ದೊಡ್ಡವ್ವ ಒಂದು ಹಿಡಿ ತೆಗೆದು ಮೂಸಿ, "ನಮ್ಮಪ್ಪನ ಅಂಗಿ ವಾಸನಿ ಬರತೈತಿ" ಎನ್ನುತ್ತಿದ್ದಳು. ಆ ಮನೆಯಲ್ಲಿ ಆಕೆ ನನ್ನದು ಎಂದು ಹೇಳುತ್ತಿದ್ದದ್ದು ಅದೊಂದನ್ನೇ.

ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಗೆ, ಆಕೆ ಅಲ್ಲಿಗೆ ಹೋಗಿ ಚರಗ ಚೆಲ್ಲುತ್ತಿದ್ದಳು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಆಗ ಬೆಳೆ ತೆನೆಗೆ ಬಂದಿರುತ್ತದೆ, ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸಬೇಕಲ್ಲ? ಸಜ್ಜೆಯ ಕಡುಬು, ಎಳ್ಳುಹೋಳಿಗೆ, ಬದನೆಕಾಯಿ ಪಲ್ಯ, ಬುತ್ತಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜಿಸಿ, ಆ ಅಡಿಗೆಯನ್ನು ಹೊಲದ ಸುತ್ತ ಚೆಲ್ಲುತ್ತಾ ಬರುವುದೇ ಚರಗ. ಹೊಲ ಯಾರದೋ ಚರಗ ಅವರದು.

ಆ ವರ್ಷ ದೊಡ್ಡವ್ವ, "ಈ ಸಲಾ ಮೋಟಾರಿನಾಗ ಹೋಗೂಣು" ಎಂದಳು. ದೊಡ್ಡಪ್ಪನ ಮುಖ ಸುಣ್ಣದಂತಾಯಿತು. ಆದರೆ ಬೇಡವೆನ್ನಲು ಬಾಯಿ ಎಲ್ಲಿತ್ತು? 'ನಿನ್ನನ್ನು ತವರಿಗೆ ರಾಣಿಯ ಹಾಗೆ ಕರೆದೊಯ್ಯುತ್ತೇನೆ' ಎಂದು ಎರಡು ತಿಂಗಳಿಂದ ಮಂದಿಯ ಮುಂದೆ ಜಂಬ ಕೊಚ್ಚಿದವನು ಅವನೇ. ಮುಂದೆ ಡ್ರೈವರನ ಪಕ್ಕ ದೊಡ್ಡಪ್ಪ ಕುಳಿತ. ಹಿಂದೆ ಬುತ್ತಿಯ ಬುಟ್ಟಿಗಳ ನಡುವೆ ಹಸಿರು ಇಳಕಲ್ ಸೀರೆಯ ದೊಡ್ಡವ್ವ. ಆಕೆಯ ತೊಡೆಯ ಮೇಲೆ ನಾನು.

ಊರು ದಾಟುತ್ತಲೇ ದೊಡ್ಡಪ್ಪ ಗಾಡಿ ನಿಲ್ಲಿಸಿದ. "ಎಂಜಿನ್ ಕಾದೈತಿ. ಈ ವರ್ಸ ಇಲ್ಲೇ ನಮ್ಮ ಹೊಲದಾಗ ಚರಗಾ ಚೆಲ್ಲಿದ್ರ ಆಗೂದಿಲ್ಲೇನು?"

"ನಿಮ್ಮ ಹೊಲಕ್ಕ ನಿಮ್ಮ ತಮ್ಮನ ಹೇಣ್ತಿ ಹೋಗ್ಯಾಳ. ನನ್ನ ಹೊಲಾ ನನ್ನ ದಾರಿ ಕಾಯಾಕ ಹತ್ತೈತಿ. ನಡೀರಿ."

ಸ್ವಲ್ಪ ದೂರ ಹೋದಮೇಲೆ ಗಾಲಿಯಲ್ಲಿ ಗಾಳಿಯಿಲ್ಲವೆಂದ. ಡ್ರೈವರ ಪಾಪದವನು, ಇಳಿದು ನೋಡಿ, "ಗಾಲಿ ಗಟ್ಟಿ ಅದಾವ್ರಿ ಸಾವಕಾರ್ರ" ಎಂದ. ಮನೋಳಿಯ ಹತ್ತಿರ ದೊಡ್ಡಪ್ಪನ ಹೊಟ್ಟೆಯೇ ನೋಯತೊಡಗಿತು. ದೊಡ್ಡವ್ವ ಬುಟ್ಟಿಯಿಂದ ಅಜವಾನ ತೆಗೆದು ಅವನ ಅಂಗೈಗೆ ಹಾಕಿ, "ಅಗೀರಿ, ಕಡಿಮಿ ಆಗತೈತಿ" ಎಂದಳು. ಅಗಿದ. ಅಜವಾನ ಅಗಿಯುವ ಹೊತ್ತಿನಲ್ಲಾದರೂ ಒಂದು ಮಾತು ಆಡಬಹುದಿತ್ತಲ್ಲ, ಗಂಡಸೇ! ಇವತ್ತಿಗೂ ನೆನೆದರೆ ಹಲ್ಲು ಕಡಿಯುತ್ತೇನೆ, ಇರುವ ನಾಲ್ಕನ್ನೂ.

ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಆಗಲೇ ಸುಣ್ಣ ಹಚ್ಚಿತ್ತು, ಊದಿನಕಡ್ಡಿ ಹೊಗೆಯಾಡುತ್ತಿತ್ತು. ಪ್ರಾಯದ ಹೆಂಗಸೊಬ್ಬಳು ಗಡಿಗೆ ಹಿಡಿದು ಬದುವಿನ ಮೇಲೆ ಚರಗ ಚೆಲ್ಲುತ್ತಾ ಬರುತ್ತಿದ್ದಳು.

"ನೀ ಯಾರವ್ವಾ?" ಎಂದಳು ದೊಡ್ಡವ್ವ, ಇನ್ನೂ ನಗುತ್ತಲೇ.

ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಈ ಹೊಲಾ ನಾವ ಒತ್ತಿ ಹಾಕ್ಕೊಂಡೇವ್ರಿ. ದೀಪಾವಳಿ ಮುಂದ ನಿಮ್ಮ ಸಾವಕಾರ್ರ ಬರಕೊಟ್ಟಾರ. ಸಾಲ ತೀರೂತನಕಾ ಬೆಳಿ ನಮ್ಮದು. ನಿಮಗ ಹೇಳಿಲ್ಲೇನ್ರಿ ಯವ್ವಾ?"

ದೊಡ್ಡವ್ವ ತಿರುಗಿ ನೋಡಿದಳು. ದೊಡ್ಡಪ್ಪ ಶಲ್ಯದ ತುದಿಯಿಂದ ಮೋಟಾರಿನ ದೀಪದ ಧೂಳು ಒರೆಸುತ್ತಿದ್ದ.

"ಒಂದೆರಡ ವರ್ಸದಾಗ ಬಿಡಿಸಿಕೊಳ್ಳೂಣಂತ..." ಎಂದ. "ಮನಿ ಮರ್ಯಾದಿ ಪ್ರಶ್ನೆ ಇತ್ತು."

"ಎತ್ತಿನ ಕೊರಳಿಗೆ ಬಿದ್ದು ಅತ್ರಿ" ಎಂದಳು ದೊಡ್ಡವ್ವ. ಆಕೆಯ ದನಿ ಅಷ್ಟು ಮೆಲ್ಲಗಿದ್ದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ನನ್ನ ಒಂದ ಮಾತ ಕೇಳಿದ್ರ ನಿಮ್ಮ ನಾಲಿಗಿ ಸವದ ಹೋಗತಿತ್ತೇನು?"

ಆ ಪರ ಹೆಂಗಸಿಗೆ ಇದ್ದ ತಿಳಿವಳಿಕೆ ನಮ್ಮ ಮನೆಯ ಹಿರಿಯನಿಗೆ ಇರಲಿಲ್ಲ. ಆಕೆ ಬಂದು ಗಡಿಗೆ ಚಾಚಿ, "ನೀವ ಚೆಲ್ರೆವ್ವಾ, ನಿಮ್ಮಪ್ಪ ಕೊಟ್ಟದ್ದು" ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು.

"ಬ್ಯಾಡವಾ. ಹೊಲಾ ಯಾರ ಕೈಯಾಗ ಐತಿ, ಚರಗಾ ಅವರ ಚೆಲ್ಲಬೇಕು. ನೀ ಚೆಲ್ಲು. ನಂದು ನಾ ಚೆಲ್ಲತೇನಿ."

ಹೀಗೆಂದು ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬುಟ್ಟಿಯ ಅರಿವೆ ಬಿಚ್ಚಿದಳು. ಕಡುಬು, ಹೋಳಿಗೆ, ಎಣ್ಣೆ ಸೋರುವ ಬದನೆಕಾಯಿ ಪಲ್ಯ, ಮೊಸರು ಬುತ್ತಿ ಎಲ್ಲ ಒಂದು ಪರಾತದಲ್ಲಿ ಕಲಸಿದಳು. ಮೋಟಾರಿನ ಬಲಗಡೆಯಿಂದ ಹೊರಟು, ಹೊಲ ಸುತ್ತುವ ಹಾಗೆಯೇ ಸುತ್ತುತ್ತಾ, ಹಿಡಿಹಿಡಿಯಾಗಿ ಚೆಲ್ಲಿದಳು. ದೀಪದ ಮೇಲೆ, ಗಾಜಿನ ಮೇಲೆ, ಹೊಸ ಚರ್ಮದ ಗಾದಿಯ ಮೇಲೆ, ನಾನು ತಿಕ್ಕಿದ ತುತ್ತೂರಿಯ ಮೇಲೆ. "ಈಗ ನನ್ನ ಹೊಲಾ ಇದ ಐತಿ! ನಮ್ಮಪ್ಪ ಕೊಟ್ಟ ಹೊಲಾ! ಬೆಳೀಲಿ, ಏನ ಬೆಳೀತೈತಿ ನೋಡೂಣು!" ಡ್ರೈವರ ಕೈಮುಗಿದು ನಿಂತುಬಿಟ್ಟ. ದೊಡ್ಡಪ್ಪನ ರುಮಾಲಿಗೂ ಒಂದು ಹಿಡಿ ಬಿತ್ತು. ಗುರಿ ತಪ್ಪಿದ್ದಲ್ಲ ಅದು.

ಆಮೇಲೆ ನನ್ನ ಕೈ ಹಿಡಿದುಕೊಂಡು ಊರೊಳಗಿನ ಅಣ್ಣನ ಮನೆಗೆ ನಡೆದೇ ಹೋದಳು. ಕೆಲವು ದಿನ ಇದ್ದು, ಎತ್ತಿನ ಬಂಡಿಯಲ್ಲಿ ತಿರುಗಿ ಬಂದಳು. ಬಾರದೆ ಎಲ್ಲಿಗೆ ಹೋಗುತ್ತಾಳೆ? ಆದರೆ ಮತ್ತೆಂದೂ ಮೋಟಾರು ಹತ್ತಲಿಲ್ಲ. ಮರುವರ್ಷ ಹತ್ತಿಯ ಧಾರಣಿ ಬಿತ್ತು, ಒತ್ತಿ ಹಾಕಿಸಿಕೊಂಡವರೇ ಹೊಲವನ್ನು ಖರೀದಿ ಮಾಡಿಕೊಂಡರು. 'ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ' ಎಂದು ಸವದತ್ತಿಯ ಸೀಮೆಯಲ್ಲಿ ಕೂಸೂ ಆಡುವ ಮಾತಿದೆ. ಜಾತ್ರೆಗೆ ಹೋದರೆ ದೇವಿಯ ಅರಿಷಿಣದ ಭಂಡಾರವಾದರೂ ಹಣೆಗೆ ಹತ್ತುತ್ತದೆ, ನಮಗೆ ಧೂಳು ಹತ್ತಿತು. ಪ್ರತಿ ಎಳ್ಳ ಅಮಾವಾಸ್ಯೆಗೆ ದೊಡ್ಡವ್ವ ಎಲ್ಲ ಅಡಿಗೆ ಮಾಡಿ, ಅಂಗಳಕ್ಕಿಳಿದು ಆ ಮೋಟಾರಿಗೆ ಚರಗ ಚೆಲ್ಲಿದಳು. ಅದು ಕೆಟ್ಟು ನಿಂತು, ಒಳಗೆ ಕೋಳಿ ಮೊಟ್ಟೆ ಇಡತೊಡಗಿದ ಮೇಲೂ ಚೆಲ್ಲಿದಳು. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ನೋಡಬೇಕಾಗಿತ್ತು. ನೋಡಿದ, ಸಾಯುವವರೆಗೂ. ಒಮ್ಮೆಯಾದರೂ ತಪ್ಪಾಯಿತೆನ್ನಲಿಲ್ಲ.

"ಬ್ಯಾಂಕಿನವರು ಏನರ ಆಧಾರ ಕೇಳತಾರ" ಎಂದ ಶಿವಾನಂದನ ಗೆಳೆಯ, ನನ್ನೆದುರಿಗೆ, ಇವತ್ತು.

"ನೇಸರಗಿ ಪ್ಲಾಟ ಐತಲ್ಲ, ಅದನ್ನ ಇಟ್ರಾತು" ಎಂದ ಶಿವಾನಂದ.

ಬೇಳೆಯ ಮೊರ ಕೆಳಗಿಟ್ಟೆ. "ನೇಸರಗಿ ಪ್ಲಾಟ ಯಾರದು?"

"ನಮ್ಮದ ಅಜ್ಜಿ."

"ನಮ್ಮದಂದ್ರ ಯಾರದೋ, ಭಾಡ್ಯಾ?"

ಅದು ಅವನ ಹೆಂಡತಿ ಮಹಾದೇವಿಗೆ ಆಕೆಯ ಅಪ್ಪ ಕೊಟ್ಟದ್ದು. ಆಕೆ ಚಹದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ತಟ್ಟಿ ಕೆಳಗ ಇಡು, ಬಾ, ಈ ಖುರ್ಚಿ ಮ್ಯಾಲ ಕುಂದ್ರು" ಎಂದು ಗದರಿಸಿದೆ. ನಾನು ಸಿಟ್ಟಿನಲ್ಲಿದ್ದರೆ ಉಪಚಾರವೂ ಬೈಗುಳದ ಹಾಗೇ ಹೊರಡುತ್ತದೆ. "ನಿನ್ನ ಕೇಳ್ಯಾನೇನು?"

"ಇಲ್ರಿ ಅಜ್ಜಿ."

"ಈಗ ಕೇಳಂತ ಹೇಳು ಅವಂಗ."

ಶಿವಾನಂದ ಕೆಂಪಾದ. ಕೇಳಿದ. ಮಹಾದೇವಿ ಅವಸರ ಮಾಡಲಿಲ್ಲ. ಗೆಳೆಯನ ಕೈಯಲ್ಲಿದ್ದ ಬ್ಯಾಂಕಿನ ಕಾಗದ ತೆಗೆದುಕೊಂಡು ಪೂರ್ತಿ ಓದಿದಳು. "ಬಾಡಿಗಿ ಗಾಡಿ ತಂದ್ರ ನಂದೇನೂ ತಕರಾರಿಲ್ಲ" ಎಂದಳು. "ನನ್ನ ಪ್ಲಾಟ ಇಡೂದಾದ್ರ ಗಾಡಿ ನನ್ನ ಹೆಸರಿಲೆ ಬರಬೇಕು. ನಾನೂ ಹೊಡಿಯೂದು ಕಲೀತೇನಿ."

ಗೆಳೆಯ ನಗಲು ಹೋಗಿ, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ನಾನು ಎದ್ದು ಹೊರಗೆ ಹೋದೆ. ಆ ಡಬ್ಬಿಯಂಥ ಕಾರಿನ ಬಾಗಿಲು ತೆಗೆದು, ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನಾಗಿಯೇ ಹತ್ತಿ ಕುಳಿತೆ. ವಾಸನೆ ಅದೇ, ಸಿಟ್ಟೂ ಅದೇ. ಆದರೆ ಪಾಪ, ಗಾಡಿಯ ಮೇಲಲ್ಲ. ಮಹಾದೇವಿಯನ್ನು ಕೂಗಿ ಹೇಳಿದೆ: "ಎಳ್ಳ ಅಮಾಸಿಯೊಳಗ ಕಲಿ. ಮನೋಳಿಗೆ ನನ್ನ ನೀನ ಕರಕೊಂಡ ಹೋಗಬೇಕು. ಹೊಲಾ ಈಗ ಯಾರದರ ಇರಲಿ, ಗಂಗವ್ವಂದೊಂದು ಚರಗಾ ಅಲ್ಲಿ ಬಾಕಿ ಐತಿ."