ಮಹಜರಿನಲ್ಲಿ ಇಲ್ಲದ ತಾಡಪಾಲು

ಗಾಡಿ ಸುಳ್ಳು ಹೇಳಲಿಲ್ಲ. ಡ್ರೈವರೂ ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು, ಅದೂ ಸಹಿ ಹಾಕಿ.

ನಮ್ಮೂರಿರುವುದು ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ. ಮೆಕ್ಕೆಜೋಳ ಬಿಡಿಸಿದ ಮೇಲೆ ಎಲ್ಲರೂ ಒಣಗಿಸುವುದು ಟಾರು ರೋಡಿನ ಮೇಲೆಯೇ. ಸಗಣಿ ಬಳಿದು ಕಣ ಮಾಡುವ ಕಾಲ ಹೋಯಿತು. ಅರ್ಧ ರೋಡಿಗೆ ಕಾಳು ಹರವಿ, ಗಾಡಿ ಹತ್ತಬಾರದೆಂದು ಅಂಚಿಗೆ ಕಲ್ಲು ಸಾಲಾಗಿ ಇಡುತ್ತೇವೆ. ಹಿಂದಿನ ವಾರವಷ್ಟೇ ಪೊಲೀಸಿನವನೊಬ್ಬ ಬೈಕು ನಿಲ್ಲಿಸಿ, "ಅಜ್ಜಿ, ಇನ್ನೊಂದ್ ಸಲ ಇಲ್ಲಿ ಕಾಳು ಕಂಡ್ರೆ ಕೇಸು ಹಾಕ್ತೀನಿ" ಅಂದಿದ್ದ. "ಹಾಕಪ್ಪ, ಕಾಳಿನ ಜೊತೆ ನನ್ನೂ ಒಣಗ್ಸು" ಅಂದಿದ್ದೆ.

ಆ ಮಧ್ಯಾಹ್ನ ಗಾಳಿ ಜೋರಿತ್ತು. ಮೋಡ ಕಂಡಿತೆಂದು ನಾನೂ ಸೊಸೆಯೂ ಕಾಳಿನ ಮೇಲೆ ತಾಡಪಾಲು ಎಳೆಯುತ್ತಿದ್ದೆವು. ಒಂದು ತುದಿ ನನ್ನ ಕೈ ತಪ್ಪಿ ರೋಡಿಗೆ ಅಡ್ಡ ಎದ್ದು ನಿಂತಿತು. ಅದೇ ಹೊತ್ತಿಗೆ ಬಂದ ಬಿಳಿ ಕಾರು ಗಕ್ಕನೆ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಚನ್ನಗಿರಿ ಕಡೆಯ ಬೈಕಿನವನು ಅದಕ್ಕೆ ಗುದ್ದಿ ಬಿದ್ದ. ಕಾಲು ಮುರಿಯಿತು.

ಎಲ್ಲರೂ ಅವನನ್ನು ಎತ್ತಲು ಓಡಿದರು. ನಾವಿಬ್ಬರೂ ತಾಡಪಾಲು ಮಡಚಿದೆವು, ಕಾಳು ಬಳಿದು ಚೀಲಕ್ಕೆ ತುಂಬಿದೆವು, ಕಲ್ಲುಗಳನ್ನು ಚರಂಡಿಗೆ ಉರುಳಿಸಿದೆವು, ಪೊರಕೆ ಹಾಕಿದೆವು. ಆಂಬುಲೆನ್ಸ್ ಹೋದ ಮೇಲೆ ಕಾರಿನ ಡ್ರೈವರ್ ತಿರುಗಿ ಬಂದ. ಜಗಳೂರಿನವನು, ಬೇರೆಯವರ ಕಾರಿಗೆ ಸಂಬಳಕ್ಕಿದ್ದವನು. ಪೊರಕೆಯ ಗೆರೆ ನೋಡಿದ, ನನ್ನ ಮುಖ ನೋಡಿದ.

"ಅಜ್ಜಿ, ಇಲ್ಲಿ ಏನೋ ಇತ್ತಲ್ಲ?"

"ಏನಿತ್ತು? ರೋಡಿತ್ತು."

ಪೊಲೀಸರು ಬಂದು ಮಹಜರು ಬರೆದರು. 'ರಸ್ತೆಯಲ್ಲಿ ಯಾವುದೇ ಅಡಚಣೆ ಇರಲಿಲ್ಲ' ಎಂದು ಓದಿ ಹೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಸಾಕ್ಷಿ ಅಂತ ಸಹಿ ಹಾಕಿದೆ.

ಆ ಕಾರು ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕು ಹಾಕುವ ಜಾತಿಯದಂತೆ. ಎದುರಿಗೆ ಅಡ್ಡ ಕಂಡಿದ್ದು, ತಾನೇ ನಿಂತಿದ್ದು, ಎಲ್ಲ ಅದರೊಳಗೆ ದಾಖಲಾಗಿತ್ತಂತೆ. ಮಹಜರೇ ರೋಡು ಖಾಲಿ ಅಂದಮೇಲೆ ಅದನ್ನು ಯಾರು ನಂಬುತ್ತಾರೆ? ಹೋಟೆಲಿನಲ್ಲಿ ನಗುವೋ ನಗು.

"ಗಾಡಿಗೆ ದೆವ್ವ ಕಂಡೈತೆ ಬಿಡ್ರಿ."

"ಅದಕ್ಕೂ ಒಂದು ಚಾಳೀಸು ಹಾಕ್ಸ್ರೋ!"

ಡ್ರೈವರ್ ಫೋನು ನೋಡುತ್ತಾ ಬ್ರೇಕು ತುಳಿದಿದ್ದಾನೆ, ಈಗ ಯಂತ್ರದ ಮೇಲೆ ಹಾಕುತ್ತಾನೆ ಎಂದು ತೀರ್ಮಾನವಾಯಿತು. ನಾನು ಉಂಡೆ, ನಿದ್ದೆಯೂ ಬಂತು. ಬರಲಿಲ್ಲ ಅಂದರೆ ಅದೂ ಸುಳ್ಳೇ.

ಹದಿನೈದು ದಿನಕ್ಕೆ ಅವನ ಹೆಂಡತಿ ಜಗಳೂರಿನಿಂದ ಬಸ್ಸು ಬದಲಿಸಿ ಬಂದಳು. ನಾನು ಕಟ್ಟೆ ಮೇಲೆ ಕೂತು ಅದೇ ಕಾಳು ಹಸನು ಮಾಡುತ್ತಿದ್ದೆ.

"ಸಹಿ ಹಾಕಿದೋರು ನೀವಂತೆ. ಮಾಲೀಕರು ಗಾಡಿ ಚಾವಿ ಕಿತ್ಕೊಂಡ್ರು. ಲೈಸೆನ್ಸೂ ಹೋದ್ರೆ ನಮ್ಮನೆಯೋರಿಗೆ ಬೇರೆ ಕೆಲಸ ಬರಾಕಿಲ್ಲ. ಏನಾರ ನೋಡಿದ್ರೆ ಹೇಳ್ರಿ."

"ನೋಡಿದ್ದು ಬರೆಸಿದ್ದೀನಿ."

ಅವಳು ಎದ್ದು ಹೋಗಲಿಲ್ಲ. ಹೆಂಗಸರ ಕೈ ಸುಮ್ಮನಿರುವುದಿಲ್ಲ. ನನ್ನ ಮೊರಕ್ಕೆ ಕೈ ಹಾಕಿ ತಾನೂ ಕಲ್ಲು ಆರಿಸತೊಡಗಿದಳು. ಎರಡು ಜಲ್ಲಿ ಎಸೆದಳು. ಮೂರನೆಯದನ್ನು ಎಸೆಯಲಿಲ್ಲ. ಉಗುರಿನಷ್ಟು ಕೆಂಪು ಚೂರು. ಆವತ್ತು ಒಡೆದ ಕಾರಿನ ಹಿಂದಿನ ಲೈಟಿನದು.

"ಇದು ನಿಮ್ಮ ಕಾಳಿನಾಗೆ ಹೆಂಗೆ ಬಂತು ಅಜ್ಜಿ?"

ಒಳಗೆ ಸೊಸೆಯ ಪಾತ್ರೆ ಸದ್ದು ನಿಂತಿತು. ಅವಳು ಚೂರನ್ನು ನನ್ನ ಅಂಗೈಗೆ ಹಾಕಿದಳು.

"ನಾನು ತಗಂಡು ಹೋದ್ರೆ ನಾನೇ ತಂದಿಟ್ಟೆ ಅಂತಾರೆ. ನೀವೇ ಇಟ್ಕೊಳ್ರಿ."

ಬೈಯಲೂ ಇಲ್ಲ. ಬಸ್ಸಿಗೆ ನಡೆದಳು.

ಮಾರನೆಯ ಬೆಳಿಗ್ಗೆ ಸೊಸೆ ಬಾಗಿಲಿಗೆ ಅಡ್ಡ ನಿಂತು, "ಅತ್ತೆ, ಕೇಸು ನಮ್ಮ ಮೇಲೇ ಬರತೈತೆ" ಅಂದಳು. "ನಿನ್ನ ಹೆಸರು ಹೇಳಾಕಿಲ್ಲ, ದಾರಿ ಬಿಡು" ಅಂದೆ. ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿ, ಮೊದಲ ಬಸ್ಸಿಗೆ ಹೋಗಿ, ಸ್ಟೇಷನ್ನಿನ ಟೇಬಲ್ಲಿನ ಮೇಲೆ ಗಂಟು ಬಿಚ್ಚಿದೆ.

"ಆವತ್ತು ಹಾಕಿದ ಸಹಿ ಸುಳ್ಳು" ಅಂದೆ. "ಹೊಸದಾಗಿ ಬರ್ಕೊಳ್ರಿ."